ರಕ್ತದಲ್ಲಿ ಕಾಣದ ತುಂಡು

ಅಕ್ಕನ ಮಗಳಿಗೆ ತುದಿಗಾಲಲ್ಲಿ ನಿಲ್ಲಲಾಗುತ್ತಿಲ್ಲ ಎಂಬುದನ್ನು ಮೊದಲು ಗಮನಿಸಿದ್ದು ಅವಳ ಥ್ರೋಬಾಲ್ ಕೋಚ್. ವಿಜಯನಗರದ ಮೈದಾನದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ನೆಗೆದು ಚೆಂಡು ಹಿಡಿಯುತ್ತಿದ್ದ ಹುಡುಗಿ ಈಗ ನೆಲ ಬಿಟ್ಟು ಏಳುತ್ತಿರಲಿಲ್ಲ. ಸೋಮಾರಿತನ ಎಂದು ಕೋಚ್ ಬೈದರಂತೆ. ಕೆಲವು ತಿಂಗಳ ನಂತರ ದೀಪಾಂಜಲಿ ನಗರದ ಮೆಟ್ರೋ ಮೆಟ್ಟಿಲನ್ನು ಅವಳು ಕಂಬಿ ಹಿಡಿದು ಹತ್ತುವುದನ್ನು ನಾನೇ ನೋಡಿದೆ. ಆಮೇಲೆ ಯಾರೂ ಬೈಯಲಿಲ್ಲ.

ಮೊದಲು ನೋಡಿದ ವೈದ್ಯರು ಸ್ನಾಯುವಿನ ಉರಿಯೂತ ಎಂದರು. ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಮುಖ ಊದಿಕೊಂಡಿತು, ಕಾಲು ಮಾತ್ರ ಹಾಗೇ ಇತ್ತು. ಎರಡನೆಯವರು ನರರೋಗ ತಜ್ಞೆ. ಅವರು ಜೀನ್ ಪರೀಕ್ಷೆ ಬರೆದುಕೊಟ್ಟರು. ವರದಿಯಲ್ಲಿ ಸ್ನಾಯುಕೋಶದ ಪೊರೆ ಹರಿದಾಗ ತೇಪೆ ಹಾಕುವ ಒಂದು ಪ್ರೋಟೀನಿನ ಜೀನಿನಲ್ಲಿ ಒಂದಕ್ಷರ ಬದಲಾಗಿದೆ ಎಂದಿತ್ತು. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ, ಎರಡರಲ್ಲೂ ಅದೇ ಬದಲಾವಣೆ. ಇದರಿಂದ ರೋಗ ಬರುತ್ತದೋ ಇಲ್ಲವೋ ಖಚಿತವಿಲ್ಲ ಎಂದು ಕೊನೆಯಲ್ಲಿ ಬರೆದಿದ್ದರು.

ಎರಡೂ ಪ್ರತಿಯಲ್ಲಿ ಒಂದೇ ಬದಲಾವಣೆ ಬಂದದ್ದು ಹೇಗೆಂದು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು ರೂಢಿ. ಕೆಂಗೇರಿಯ ಹೊಲಗಳು ಲೇಔಟ್ ಆದವು, ನಾವು ಬಾಡಿಗೆ ಮನೆ ಕಟ್ಟಿಸುವವರಾದೆವು, ಈ ರೂಢಿ ಮಾತ್ರ ಬಿಡಲಿಲ್ಲ. ಅಕ್ಕನನ್ನು ಕೊಟ್ಟದ್ದು ಅಮ್ಮನ ಕೊನೆಯ ತಮ್ಮನಿಗೆ. ಅವರು ನನಗೆ ಭಾವನಾದರೂ ನಾನು ಕರೆಯುವುದು ಮಾವ ಎಂದೇ.

ಕುತ್ತಿಗೆಗೆ ಬಂದು ನಿಂತಿದ್ದ ಪ್ರಶ್ನೆ ಮಾತ್ರೆಯದು. ಉರಿಯೂತವಾಗಿದ್ದರೆ ಮಾತ್ರೆ ನಿಲ್ಲಿಸಿದ ದಿನದಿಂದ ಕಾಲು ಕೈಬಿಡುತ್ತದೆ. ಜೀನಿನ ದೋಷವಾಗಿದ್ದರೆ ಅದೇ ಮಾತ್ರೆ ಉಳಿದ ಬಲವನ್ನೂ ತಿನ್ನಬಹುದು. ಯಾವುದು ಎಂದು ತಿಳಿಯಲು ಜೀನಿನಿಂದ ಕೋಶ ಇಳಿಸಿಕೊಳ್ಳುವ ಸಂದೇಶವಾದ ಆರ್‌ಎನ್‌ಎ ನೋಡಬೇಕಿತ್ತು. ರಕ್ತ ಕೊಟ್ಟೆವು.

ನಾನು ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ಓದಿದವನು. ಕೆಲವು ವರ್ಷ ಅಲ್ಲೇ ಸಂಶೋಧನೆ ಮಾಡಿ, ಈಗ ರಾಜಾಜಿನಗರದ ಒಂದು ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡುತ್ತೇನೆ. ಹಾಗಾಗಿ ವರದಿ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. 'ಅಸಹಜತೆ ಕಂಡಿಲ್ಲ, ಆರೋಗ್ಯವಂತರ ಮಾದರಿಯನ್ನೇ ಹೋಲುತ್ತದೆ' ಎಂದು ಅದರಲ್ಲಿತ್ತು. ಅಕ್ಕ ಒಬ್ಬಟ್ಟಿಗೆ ಬೇಳೆ ನೆನೆಹಾಕಿದಳು. ಜೀನ್ ಅಲ್ಲವೆಂದಾದರೆ ಉರಿಯೂತವೇ ಸರಿ, ಮುಂದಿನ ವಾರದಿಂದ ಮಾತ್ರೆ ಹೆಚ್ಚಿಸೋಣ ಎಂದು ತಜ್ಞೆ ಫೋನಿನಲ್ಲಿ ಹೇಳಿದ್ದರಂತೆ.

ನಾನು ಒಬ್ಬಟ್ಟು ತಿಂದೆ. ಆದರೆ ವರದಿಯ ಹಿಂದಿದ್ದ ಚಿತ್ರ ಕಣ್ಣಿಗೆ ಕಟ್ಟಿದಂತಾಯಿತು. ಜೆಲ್ಲಿನ ಚಿತ್ರ ಅದು, ಸಂದೇಶ ಉದ್ದವಿದ್ದಷ್ಟೂ ಅದರ ಗೆರೆ ಮೇಲೆ ಕಾಣುವಂಥದ್ದು. ಪಕ್ಕಪಕ್ಕದಲ್ಲಿ ಎರಡು ಸಾಲು, ಒಂದು ಇವಳದು, ಇನ್ನೊಂದು ಆರೋಗ್ಯವಂತರದು. ಎರಡರಲ್ಲೂ ಒಂದೇ ಎತ್ತರದಲ್ಲಿ ಒಂದೊಂದು ಗೆರೆ. ಸರಿಯಾಗಿಯೇ ಇತ್ತು. ಆದರೂ ಎಲ್ಲೋ ಓದಿದ್ದೆ: ಈ ಜೀನಿನ ಒಂದು ತುಂಡನ್ನು ಸ್ನಾಯು ಇಟ್ಟುಕೊಳ್ಳುತ್ತದೆ, ರಕ್ತ ಬಿಟ್ಟುಬಿಡುತ್ತದೆ ಎಂದು. ಈ ಜೀನೇ ಹೌದೇ? ಅಥವಾ ಪಾಠ ಮಾಡುವಾಗ ಹೇಳುವ ಬೇರೆ ಯಾವುದನ್ನೋ ಇದಕ್ಕೆ ಅಂಟಿಸಿಕೊಂಡಿದ್ದೇನೆಯೇ? ನನ್ನ ನೆನಪಿಗೆ ಈ ಚಾಳಿ ಇದೆ. ಕೇಳಿದ್ದನ್ನು ಕಂಡದ್ದಾಗಿ ಮಾಡಿಬಿಡುತ್ತದೆ.

ಮರುದಿನ ಕ್ಲಾಸು ಮುಗಿಸಿ ಜ್ಞಾನಭಾರತಿಗೆ ಹೋದೆ. ನನ್ನ ಜೊತೆ ಓದಿದವನೊಬ್ಬ ಈಗ ಅಲ್ಲಿ ಮೇಷ್ಟ್ರು. ಚಿತ್ರವನ್ನು ಅವನ ಮುಂದಿಟ್ಟು, ನನ್ನ ಸಂಶಯ ಹೇಳದೆ ಸುಮ್ಮನೆ ಕುಳಿತೆ. ಹೇಳಿದರೆ ಅವನೂ ಅದನ್ನೇ ಕಂಡುಬಿಡಬಹುದೆಂಬ ಭಯ.

ಅವನು ಕನ್ನಡಕ ಹಣೆಗೇರಿಸಿ ಚಿತ್ರದ ಅಂಚಿನಲ್ಲಿದ್ದ ಅಳತೆಯ ಸಾಲಿಗೆ ಸ್ಕೇಲಿಟ್ಟ. ಬದಲಾದ ಅಕ್ಷರ ಎಲ್ಲಿದೆ ಎಂದು ಕೇಳಿ, ಆ ತುಂಡಿನ ಉದ್ದ ಹುಡುಕಿ, ಮತ್ತೆ ಸ್ಕೇಲಿಟ್ಟ.

"ಗುರು, ಇಲ್ಲಿ ಆ ತುಂಡೇ ಇಲ್ವಲ್ಲೋ," ಎಂದ.

"ಇವಳದ್ರಲ್ಲಾ?"

"ಇಬ್ಬರದ್ರಲ್ಲೂ. ಹುಷಾರಾಗಿರೋನದ್ರಲ್ಲೂ ಇಲ್ಲ. ಇರದ ಬಾಗಿಲಿಗೆ ಬೀಗ ಸರಿಯಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದಾರೆ."

ಲ್ಯಾಬಿನವರು ಸುಳ್ಳು ಬರೆದಿರಲಿಲ್ಲ. ಎರಡು ಗೆರೆಗಳನ್ನು ಹೋಲಿಸಿದ್ದರು, ಒಂದೇ ತರಹ ಕಂಡಿತ್ತು, ಹಾಗೆಂದು ಬರೆದಿದ್ದರು. ಆ ಗೆರೆ ಎಷ್ಟು ಉದ್ದವಿರಬೇಕಿತ್ತು ಎಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ. ನನಗೆ ಸಮಾಧಾನವಾಗಲಿಲ್ಲ. ನನ್ನ ನೆನಪು ನಿಜವಾಗಿತ್ತು, ಅಂದರೆ ಅಕ್ಕನ ಮನೆಗೆ ಹೋಗಿ ಇದನ್ನು ಹೇಳಬೇಕಿತ್ತು.

ಹೇಳಿದೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಚೆನ್ನಾಗಿದೆ ಎಂದು ಬರೆದುಕೊಟ್ಟವರಿಗಿಂತ ನಾನು ಹೆಚ್ಚು ಓದಿದ್ದೇನೆಯೇ ಎಂದು ಮೆಲ್ಲಗೆ ಕೇಳಿದಳು. ಚಿಕ್ಕವನಿದ್ದಾಗಲೂ ಬಡಿಸಿದ ಊಟದಲ್ಲಿ ಕೂದಲು ಹುಡುಕುತ್ತಿದ್ದೆನಂತೆ. ಮಾವ ಟಿವಿಯ ಸದ್ದು ತಗ್ಗಿಸಿ ಮತ್ತೆ ಹೆಚ್ಚಿಸಿದರು. ಹುಡುಗಿ ಮಾತ್ರ ದಿವಾನದ ಮೇಲೆ ಕಾಲು ಚಾಚಿಕೊಂಡೇ, "ಅರ್ಥ ಆಗೋ ಹಾಗೆ ಹೇಳಿ ಮಾಮ," ಎಂದಳು.

ಪಾಠದ ಭಾಷೆ ಬಿಟ್ಟು ಹೇಳಲು ನೋಡಿದೆ. ಜೀನನ್ನು ಕೋಶ ಮೊದಲು ಇಡಿಯಾಗಿ ಆರ್‌ಎನ್‌ಎಗೆ ಇಳಿಸಿಕೊಳ್ಳುತ್ತದೆ. ಅದರಲ್ಲಿ ಬೇಕಾದ ತುಂಡುಗಳ ನಡುವೆ ಬೇಡದ ಉದ್ದುದ್ದ ಭಾಗಗಳಿರುತ್ತವೆ. ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಜೋಡಿಸುವ ಒಂದು ಯಂತ್ರ ಕೋಶದೊಳಗಿದೆ. ತುಂಡಿನ ಅಂಚಿನಲ್ಲಿರುವ ಗುರುತು ನೋಡಿ ಅದು ಕತ್ತರಿಸುತ್ತದೆ. ಕೆಲವು ಗುರುತು ಎದ್ದು ಕಾಣುತ್ತವೆ, ಅವುಗಳನ್ನು ಯಂತ್ರ ಎಂದೂ ತಪ್ಪಿಸುವುದಿಲ್ಲ. ಕೆಲವು ಮಸುಕು. ಮಾಗಡಿ ರಸ್ತೆಯ ರಿಕ್ವೆಸ್ಟ್ ಸ್ಟಾಪಿನ ಹಾಗೆ, ಯಾರಾದರೂ ಕೈ ಅಡ್ಡ ಹಾಕಿದರೆ ಬಸ್ಸು ನಿಲ್ಲುತ್ತದೆ, ಇಲ್ಲದಿದ್ದರೆ ಮುಂದಿನ ಸ್ಟಾಪಿಗೆ ಹೋಗುತ್ತದೆ.

ಕೈ ಅಡ್ಡ ಹಾಕುವ ಪ್ರೋಟೀನುಗಳೂ ಇವೆ, ಸ್ಟಾಪಿನ ಬೋರ್ಡಿಗೇ ಅಡ್ಡ ನಿಂತು ಕಾಣದಂತೆ ಮಾಡುವ ಪ್ರೋಟೀನುಗಳೂ ಇವೆ. ಸ್ನಾಯುವಿನಲ್ಲಿ ಮೊದಲಿನವರದು ಮೇಲುಗೈ. ರಕ್ತದಲ್ಲಿ ಎರಡನೆಯವರದು. ಅದಕ್ಕೇ ಒಂದೇ ಜೀನಿನಿಂದ ಸ್ನಾಯು ಒಂದು ಸಂದೇಶ ಹೊಲಿದುಕೊಳ್ಳುತ್ತದೆ, ರಕ್ತ ಇನ್ನೊಂದು. ಅದು ಅಚಾತುರ್ಯವಲ್ಲ, ಮೈಯ ಬೇರೆ ಬೇರೆ ಭಾಗಗಳು ಬೇರೆಯಾಗಿ ಉಳಿಯುವುದೇ ಇಂಥ ಆಯ್ಕೆಗಳಿಂದ. ಇವಳ ಬದಲಾದ ಅಕ್ಷರ ಇರುವುದು ಅಂಥ ಮಸುಕು ಗುರುತಿನಲ್ಲಿ.

"ಅಂದ್ರೆ ನಂದು ಬೋರ್ಡೇ ಅಳಿಸೋಗಿದೆ. ಜನ ಕೈ ಅಡ್ಡ ಹಾಕಿದ್ರೂ ಡ್ರೈವರ್ ನಿಲ್ಸಲ್ಲ."

"ಇರಬಹುದು. ರಕ್ತದಲ್ಲಿ ಯಾರ ಬಸ್ಸೂ ಅಲ್ಲಿ ನಿಲ್ಲಲ್ಲ. ಅಲ್ಲಿ ನೋಡಿದ್ರೆ ಗೊತ್ತಾಗಲ್ಲ."

"ಮತ್ತೆಲ್ಲಿ ನೋಡ್ಬೇಕು?"

ನಾನು ಉತ್ತರಿಸುವ ಮೊದಲೇ ಅವಳ ಕೈ ತೊಡೆಯ ಮೇಲೆ ಹೋಯಿತು.

ನಾಲ್ವರೂ ತಜ್ಞೆಯ ಬಳಿ ಹೋದೆವು. ಅವರು ಚಿತ್ರವನ್ನು ನೋಡಿ ನಮ್ಮೆದುರೇ ಲ್ಯಾಬಿಗೆ ಫೋನ್ ಮಾಡಿದರು. ದನಿ ಏರಿಸಲಿಲ್ಲ, ಆದರೆ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದರು. ಫೋನ್ ಇಟ್ಟು, ಮಾತ್ರೆ ಹೆಚ್ಚಿಸುವುದನ್ನು ತಡೆಯುತ್ತೇನೆ ಎಂದರು. ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಬೇಕು, ಫಲಿತಾಂಶಕ್ಕೆ ಸಮಯ ಹಿಡಿಯುತ್ತದೆ. ಆದರೆ ಹಿರಿಯರಲ್ಲಿ ಯಾರಿಗಾದರೂ ಹೀಗೇ ಆಗಿದ್ದರೆ ಕಾಯಬೇಕಿಲ್ಲ, ಇಂದಿನಿಂದಲೇ ಮಾತ್ರೆ ಇಳಿಸಲು ಶುರು ಮಾಡಬಹುದು.

ನನಗೆ ದೊಡ್ಡಮಾವ ನೆನಪಾದರು. ಅಮ್ಮನ ಅಣ್ಣ, ನಾನು ಸ್ಕೂಲಿನಲ್ಲಿದ್ದಾಗ ತೀರಿಕೊಂಡವರು. ಕೆಂಗೇರಿಯ ಹಳೇ ಮನೆಯ ಪಡಸಾಲೆಯಲ್ಲಿ ಅವರು ನೆಲದಿಂದ ಏಳುತ್ತಿದ್ದಾರೆ. ಮೊದಲು ಕೈ ನೆಲಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ, ತಮ್ಮ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವವರಂತೆ. ಬಿಸಿಲು ಅವರ ಬೆನ್ನ ಮೇಲಿದೆ. ಇಷ್ಟು ಸ್ಪಷ್ಟ.

ಹೇಳಿದೆ. ಅಕ್ಕ ತಕ್ಷಣ, "ಅವರು ಗಾಡಿಯಿಂದ ಬಿದ್ದು ಸೊಂಟ ಮುರ್ಕೊಂಡಿದ್ರು ಕಣೋ," ಎಂದಳು. ಮಾವನನ್ನು ಕೇಳಿದರೆ, ತಮ್ಮ ಅಣ್ಣ ಕುಂಟುತ್ತಿದ್ದುದು ನಿಜ, ಬಿದ್ದದ್ದೂ ನಿಜ, ಯಾವುದು ಮೊದಲೋ ತಿಳಿಯದು ಎಂದರು.

ತಜ್ಞೆ ನನ್ನತ್ತ ತಿರುಗಿ, "ನೀವು ಕಣ್ಣಾರೆ ನೋಡಿದೀರಾ ಸಾರ್?" ಎಂದು ಕೇಳಿದರು.

ಹೌದು ಎಂದರೆ ಮುಗಿಯುತ್ತಿತ್ತು. ಹುಡುಗಿಯ ತೊಡೆಗೆ ಚಾಕು ಬೀಳುವುದೂ ತಪ್ಪುತ್ತಿತ್ತು. ಆದರೆ ನೆಲದಿಂದ ಹಾಗೆ ಏಳುವ ಮನುಷ್ಯನ ಚಿತ್ರ ನನ್ನ ಎಂಎಸ್ಸಿಯ ಪಠ್ಯದಲ್ಲಿತ್ತು. ಕ್ಲಾಸಿನಲ್ಲಿ ವರ್ಷವರ್ಷವೂ ಅದನ್ನು ತೋರಿಸಿದ್ದೇನೆ. ಪುಸ್ತಕದ ಆ ಮನುಷ್ಯನಿಗೆ ನಾನೇ ದೊಡ್ಡಮಾವನ ಪಂಚೆ ಉಡಿಸಿ ಪಡಸಾಲೆಯಲ್ಲಿ ಕೂರಿಸಿದ್ದರೆ? ಎಷ್ಟು ಹಿಂದಕ್ಕೆ ಹೋದರೂ ಆ ನೆನಪಿನಲ್ಲಿ ಒಂದು ಮಾತಿಲ್ಲ, ವಾಸನೆಯಿಲ್ಲ, ಬೇರೆ ಯಾರೂ ಇಲ್ಲ.

"ನೋಡಿದ ಹಾಗಿದೆ. ಆದರೆ ಅದನ್ನ ನಂಬಿ ನೀವು ಏನೂ ಮಾಡಬೇಡಿ," ಎಂದೆ.

ಅಕ್ಕ ನನ್ನ ಕಡೆ ನೋಡಿದ ನೋಟವನ್ನು ಹೇಗೆ ಹೇಳಲಿ. ಅವಳ ಪರ ಮಾತಾಡಿದೆನೋ ವಿರುದ್ಧ ಮಾತಾಡಿದೆನೋ ಅವಳಿಗೇ ಗೊತ್ತಾಗಿರಲಿಲ್ಲ.

"ಕೊಯ್ದು ನೋಡ್ಲಿ ಬಿಡಮ್ಮ," ಎಂದಳು ಹುಡುಗಿ. "ಮಾಮನ ನೆನಪು ನಂಬ್ಕೊಂಡು ನಾನು ಮಾತ್ರೆ ಬಿಡಕ್ಕಾಗುತ್ತಾ."

ಕೊಯ್ದರು. ಹೊಲಿಗೆ ಬಿಚ್ಚಿದ ಮೇಲೂ ಫಲಿತಾಂಶ ಬರಲಿಲ್ಲ. ಆ ದಿನಗಳಲ್ಲಿ ನಾನು ಬಸವೇಶ್ವರನಗರದ ರಸ್ತೆಗಳಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಒಂದು ಯೋಚನೆ ಬಿಡುತ್ತಿರಲಿಲ್ಲ: ಇದು ನಿಜಕ್ಕೂ ಉರಿಯೂತವೇ ಆಗಿದ್ದು, ನನ್ನ ಮಾತಿನಿಂದ ಹೆಚ್ಚಿನ ಮಾತ್ರೆ ತಡವಾಗುತ್ತಿದ್ದರೆ?

ಕೊನೆಗೆ ತಜ್ಞೆ ಕರೆದರು. ಈ ಸಲ ಹೋಲಿಕೆಗೆ ಆರೋಗ್ಯವಂತರ ಸ್ನಾಯುವನ್ನೇ ಇಟ್ಟಿದ್ದರು. ಅವರ ಸಾಲಿನಲ್ಲಿ ಗೆರೆ ಮೇಲಿತ್ತು, ಅಂದರೆ ಉದ್ದದ ಸಂದೇಶ, ತುಂಡು ಸೇರಿಕೊಂಡಿದೆ. ಇವಳ ಸಾಲಿನಲ್ಲಿ ದಪ್ಪ ಗೆರೆ ಕೆಳಗಿತ್ತು. ತುಂಡು ಬಿಟ್ಟುಹೋಗಿದೆ. ಜೀನೇ ಕಾರಣ. ಆ ದಪ್ಪ ಗೆರೆಯ ಮೇಲೆ, ಇರಬೇಕಾದ ಜಾಗದಲ್ಲೇ, ಕಂಡೂ ಕಾಣದಂತೆ ಇನ್ನೊಂದು ಗೆರೆಯಿತ್ತು.

ಹುಡುಗಿ ಅದರ ಮೇಲೆ ಬೆರಳಿಟ್ಟಳು. "ಇದು ಸರಿಯಾದದ್ದಲ್ವಾ? ಒಂದೊಂದು ಸಲ ಬಸ್ ನಿಲ್ಸಿದಾನೆ."

ನಿಲ್ಲಿಸಿದ್ದಾನೆ ಎಂದೆ.

"ಇಷ್ಟು ಸಾಕಾಗುತ್ತಾ?"

ಗೊತ್ತಿಲ್ಲ ಎಂದು ತಜ್ಞೆಯೇ ಹೇಳಿದರು. ಮಾತ್ರೆಯನ್ನು ಒಮ್ಮೆಗೇ ಬಿಡುವಂತಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಪ್ರತಿ ಸಲ ಇಳಿಸುವ ಮೊದಲು ಕಾಲಿನ ಬಲ ನೋಡಿಕೊಳ್ಳಬೇಕು. ಕುರ್ಚಿಯಿಂದ ಕೈ ಊರದೆ ಏಳುವುದು ಹೇಗೆಂದು ಗಮನಿಸಿ ಎಂದರು.

ಆ ಕೆಲಸವನ್ನು ಅಕ್ಕ ನನಗೆ ವಹಿಸಿದಳು. ತನಗೆ ನೋಡಲಾಗುವುದಿಲ್ಲವಂತೆ. ಮೊದಲ ಸಲ ಇಳಿಸಿ ವಾರವಾದ ಸಂಜೆ ಹೋದೆ; ಬಲ ಹಾಗೇ ಇದ್ದರೆ ಮರುದಿನ ಮತ್ತೆ ಇಳಿಸುವುದಿತ್ತು. ಹುಡುಗಿ ಎದೆಗೆ ಕೈ ಕಟ್ಟಿ ಊಟದ ಮನೆಯ ಕುರ್ಚಿಯಿಂದ ಎದ್ದಳು. ಹಿಂದಿನ ವಾರಕ್ಕಿಂತ ನಿಧಾನವಾಯಿತು ಎನಿಸಿತು. ನನ್ನ ಮುಖದಲ್ಲಿ ಅದು ಕಂಡಿರಬೇಕು, ಅಕ್ಕ ಬಾಗಿಲು ಹಿಡಿದು ನಿಂತಳು.

"ನೀವು ಹೇಳ್ಬೇಡಿ ಮಾಮ," ಎಂದು ಹುಡುಗಿ ಫೋನ್ ತೆಗೆದಳು. ಹಿಂದಿನ ವಾರ ಎದ್ದದ್ದನ್ನು ವಿಡಿಯೋ ಮಾಡಿಟ್ಟಿದ್ದಳು. ಅದೇ ಕುರ್ಚಿ, ಅದೇ ಕಡೆಯಿಂದ ಮತ್ತೊಮ್ಮೆ ತೆಗೆಸಿದಳು. ಮಾವ ತಮ್ಮ ಫೋನನ್ನೂ ಕೊಟ್ಟರು. ಎರಡನ್ನೂ ಪಕ್ಕಪಕ್ಕ ಹಿಡಿದು ಒಟ್ಟಿಗೆ ಓಡಿಸಿದೆವು. ನಾಲ್ವರೂ ಬಗ್ಗಿ ನೋಡಿದೆವು. ಎರಡು ಪರದೆಯಲ್ಲೂ ಅವಳು ಒಟ್ಟಿಗೇ ಎದ್ದು ನಿಂತಳು.

ಅಕ್ಕ ಇನ್ನೊಮ್ಮೆ ಹಾಕಲು ಹೇಳಿದಳು. ನೋಡಿ, ಒಳಗೆ ಹೋಗಿ, ಮರುದಿನದ ಮಾತ್ರೆಯನ್ನು ಇನ್ನಷ್ಟು ಚಿಕ್ಕದಾಗಿ ಮುರಿದಿಟ್ಟಳು.