ತಂಗಿಯನ್ನು ಕೇಳದೆ ಕೊಟ್ಟ ಪುಡಿ

ಗಿಡಮೂಲಿಕೆ ಅಂಗಡಿಯವಳನ್ನು ಬೀದಿಯವರೆಲ್ಲ ಪುಡಿಯಕ್ಕ ಅಂತಲೇ ಕರೆಯುತ್ತಿದ್ದರು. ಮನಸ್ಸು ಮಂಕಾಗಿದೆ, ಯಾವುದೂ ಬೇಡ ಅನ್ನಿಸುತ್ತೆ ಅಂತ ಬಂದವರಿಗೆ ಅವಳು ಸೇಂಟ್ ಜಾನ್ಸ್ ವರ್ಟ್ ಅನ್ನುವ ಹಳದಿ ಹೂವಿನ ಪುಡಿ ಕಟ್ಟಿಕೊಡುತ್ತಿದ್ದಳು. ಸುಮ್ಮನೆ ಅಲ್ಲ. "ಬೇರೆ ಏನು ಮಾತ್ರೆ ನುಂಗ್ತೀರಿ? ಗರ್ಭ ತಡೆಯೋದು? ರಕ್ತ ತೆಳು ಮಾಡೋದು? ಮನಸ್ಸಿಗೆ ಅಂತ ಕೊಟ್ಟಿದ್ದು?" ಒಂದಕ್ಕೆ ಹೂಂ ಅಂದರೂ ಪುಡಿ ವಾಪಸ್ ಡಬ್ಬಿಗೆ.

"ಪೊಲೀಸರೂ ಇಷ್ಟು ವಿಚಾರಿಸಲ್ಲ ಬಿಡು ತಾಯಿ," ಅಂತ ಎದುರಿನ ಟೈಲರ್ ರೇಗಿಸುತ್ತಿದ್ದ.

ಮಗು ಹಾಲು ಬಿಟ್ಟು ಆರು ತಿಂಗಳಾದರೂ ಅವಳ ಸ್ವಂತ ತಂಗಿಯ ಮುಖ ಬಾಡಿಯೇ ಇತ್ತು. ಪುಡಿಯಕ್ಕ ಒಂದು ಪೊಟ್ಟಣ ಅವಳ ಕೈಗಿಟ್ಟಳು. ಏನೂ ಕೇಳಲಿಲ್ಲ. ತಾನೇ ಎತ್ತಿ ಆಡಿಸಿದವಳನ್ನು ಕೇಳುವುದೇನು ಬಂತು?

ಐದನೇ ದಿನ ಬೆಳಿಗ್ಗೆ ತಂಗಿಯ ಗಂಡ ಅಂಗಡಿಗೆ ಓಡಿಬಂದ. "ಅಕ್ಕಾ, ಅವಳು ಗಡಗಡ ನಡುಗ್ತಿದ್ದಾಳೆ. ಮೈಯೆಲ್ಲ ಬೆವರು. ಆಸ್ಪತ್ರೆಗೆ ಸೇರಿಸಿ ಬಂದೆ!"

ವಾರ್ಡಿನಲ್ಲಿ ಡಾಕ್ಟರ್ ಕೈಯಲ್ಲಿ ಒಂದು ಮಾತ್ರೆ ಚೀಟಿ. "ಖಿನ್ನತೆಗೆ ಮೂರು ತಿಂಗಳಿಂದ ನಾನೇ ಕೊಡ್ತಿರೋದು ಇದು. ಇದರ ಜೊತೆ ಇನ್ನೇನೋ ಹೊಟ್ಟೆಗೆ ಹೋಗಿದೆ. ಏನಮ್ಮ ಅದು?"

ಪುಡಿಯಕ್ಕ ಚೀಟಿಯನ್ನೂ ತಂಗಿಯನ್ನೂ ನೋಡಿದಳು. ಮೂರು ತಿಂಗಳು!

"ಬಸ್ ಸ್ಟ್ಯಾಂಡಲ್ಲಿ ಯಾರೋ ಪುಡಿ ಮಾರ್ತಿದ್ರು," ಅಂದಳು ತಂಗಿ, ಅಕ್ಕನ ಕಡೆ ನೋಡದೆ.

"ಸುಳ್ಳು, ಡಾಕ್ಟ್ರೇ." ಪುಡಿಯಕ್ಕ ಮಂಚದ ಹತ್ತಿರ ಬಂದಳು. "ಕೊಟ್ಟಿದ್ದು ನಾನು." ಗಿಡದ ಹೆಸರು, ಎಷ್ಟು ಚಮಚ, ದಿನಕ್ಕೆ ಎಷ್ಟು ಸಲ, ಒಂದೂ ಬಿಡದೆ ಹೇಳಿದಳು.

"ಎರಡೂ ಒಟ್ಟಿಗೆ ಸೇರಿದ್ರೆ ಜೀವಕ್ಕೇ ಅಪಾಯ. ಸದ್ಯಕ್ಕೆ ಎರಡೂ ನಿಲ್ಲಿಸ್ತೀನಿ. ಹೇಳಿದ್ದು ಒಳ್ಳೇದಾಯ್ತು, ಹುಡುಕೋದು ತಪ್ಪಿತು," ಅಂತ ಡಾಕ್ಟರ್ ನರ್ಸನ್ನು ಕರೆದರು.

ಅವರು ಆಚೆ ಹೋದಮೇಲೆ ಪುಡಿಯಕ್ಕ ಕೇಳಿದಳು, "ನನಗ್ಯಾಕೆ ಹೇಳಲಿಲ್ಲವೇ?"

"ಮನಸ್ಸಿಗೆ ಅಂತ ಮಾತ್ರೆ ನುಂಗೋರು ಬದುಕಿದ್ರೂ ಅರ್ಧ ಸತ್ತ ಹಾಗೆ ಅಂತ ನಗ್ತಿದ್ದೆಯಲ್ಲ ಅಕ್ಕ, ನೀನೇ."

ಹೌದು, ಅಂದಿದ್ದಳು. ಟೈಲರ್ ಮುಂದೆ, ಗಿರಾಕಿಗಳ ಮುಂದೆ, ಎಷ್ಟು ಸಲವೋ. ತಂಗಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು.

"ಮುಂದಿನ ಸಲ ಡಾಕ್ಟರ್ ಹತ್ರ ಹೋಗೋವಾಗ ಮಗೂನ ನನ್ನ ಹತ್ರ ಬಿಟ್ಟು ಹೋಗು," ಅಂದಳು ಪುಡಿಯಕ್ಕ. ನೀರಿನ ಲೋಟ ತಂಗಿಯ ಬಾಯಿಗೆ ಹಿಡಿದಳು. ಅರ್ಧ ನೀರು ಹಾಸಿಗೆಗೆ ಚೆಲ್ಲಿತು. ಸೆರಗಿನಿಂದ ತಂಗಿಯ ಗದ್ದ ಒರೆಸಿ, ಮತ್ತೆ ಲೋಟ ತುಂಬಿಸಿದಳು.