ಹಿಂದಿನ ಚಕ್ರ

ವಡೋದರಾದ ಮಕರಪುರದ ಕಾರ್ಖಾನೆಗಳ ನಡುವೆ ಮಾಧವಣ್ಣನ ಕ್ಯಾಂಟೀನ್ ಎಲ್ಲಿದೆ ಎಂದು ಯಾವ ಗೇಟಿನ ಕಾವಲುಗಾರನನ್ನು ಕೇಳಿದರೂ ಕೈ ಚಾಚಿ ತೋರಿಸುತ್ತಾನೆ. ಮೀಸೆ ಮೂಡುವ ಮೊದಲೇ ಬ್ರಹ್ಮಾವರದ ಕಡೆಯಿಂದ ಹೊರಟ ಮಾಧವಣ್ಣ, ಸೂರತ್ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ, ಆಮೇಲೆ ಅಹಮದಾಬಾದಿನಲ್ಲಿ ಅಡುಗೆಯವರಾಗಿ, ಕೊನೆಗೆ ಇಲ್ಲಿಗೆ ಬಂದು ತಮ್ಮದೇ ನಾಲ್ಕು ಮೇಜು ಹಾಕಿಕೊಂಡು ನೆಲೆ ನಿಂತವರು. ಉಡುಪಿ ಕಡೆಯ ಸಾಂಬಾರಿಗೆ ಬೆಲ್ಲ ಮೊದಲೇ ಬಿದ್ದಿರುವುದರಿಂದ ಸಿಹಿ ಬಯಸುವ ಗುಜರಾತಿ ಗಿರಾಕಿಗಳಿಗೂ ಅವರಿಗೂ ಆ ವಿಷಯದಲ್ಲಿ ಜಗಳ ಬಂದದ್ದೇ ಇಲ್ಲ.

ಅವರ ಒಬ್ಬಳೇ ಮಗಳು ವಿಂಧ್ಯಾ. ಅಪ್ಪ ಕೂತು ಊಟ ಮಾಡಿದ್ದನ್ನು ಅವಳು ಚಿಕ್ಕಂದಿನಿಂದ ನೋಡಿದವಳಲ್ಲ. ಗಿರಾಕಿಗಳೆಲ್ಲ ಎದ್ದು ಹೋಗಿ, ಮೇಜು ಒರೆಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಟ್ಟೆಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಉಣ್ಣುವ ಅಭ್ಯಾಸ ಅವರದು. ಅವರದಾದ ಮೇಲೆ ಅಮ್ಮ ಸುಮಿತ್ರಾಳದು. ಮನೆಗೆ ನೆಂಟರು ಬಂದರೂ ಇದೇ ಕಥೆ. "ನೀವು ಮೊದಲು ಕೂತ್ರೆ ಆಕಾಶ ಬೀಳ್ತದಾ ಅಪ್ಪಯ್ಯ?" ಎಂದು ಹುಡುಗಿ ರೇಗಿದರೆ ಅವರು ನಗುತ್ತಿದ್ದರು. ಆ ನಗು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಕಾರ್ಖಾನೆಗಳಿಗೆ ಊಟದ ಡಬ್ಬಿ ಮುಟ್ಟಿಸಲು ಅಪ್ಪನ ಹಳೆಯ ಮೋಟಾರ್‌ಸೈಕಲ್ ಹಿಡಿದವಳು ಮತ್ತೆ ಅದನ್ನು ಬಿಡಲಿಲ್ಲ. ಎರಡೂ ಕಡೆ ಡಬ್ಬಿ ತೂಗಿಸಿಕೊಂಡು, ಸಾಂಬಾರು ಚೆಲ್ಲದಂತೆ ಮಳೆಗಾಲದ ಗುಂಡಿಗಳಲ್ಲಿ ಓಡಿಸಿದವಳಿಗೆ ಬೇರೆ ತರಬೇತಿ ಏನು ಬೇಕು? ಡಿಪ್ಲೊಮಾ ಮುಗಿಸಿ, ಅದೇ ಮಕರಪುರದಲ್ಲಿ ಮೋಟಾರ್‌ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಮಾಡುವ ಕಾರ್ಖಾನೆ ಸೇರಿದಳು. ತಯಾರಾದ ಮಾಲನ್ನು ಗಾಡಿಗೆ ಹಾಕಿ ಓಡಿಸಿ ನೋಡುವ ಕೆಲಸ. ಕಾರ್ಖಾನೆಯ ಮಾಲೀಕರಾದ ಶೇಠರಿಗೆ ಮೋಟಾರ್‌ಸೈಕಲ್ ರ‍್ಯಾಲಿಯ ಹುಚ್ಚು. ಸೂರತ್ತಿನಿಂದ ಹೊರಟು ವಡೋದರಾ, ಅಹಮದಾಬಾದ್ ದಾಟಿ, ಕಛ್‌ನ ಮರುಭೂಮಿಯಲ್ಲಿ ದಿನಗಟ್ಟಲೆ ಸುತ್ತಿ ಮತ್ತೆ ಅಹಮದಾಬಾದಿಗೆ ಬಂದು ಮುಗಿಯುವ ಒಂದು ರ‍್ಯಾಲಿಗೆ ಅವರು ಪ್ರತಿ ವರ್ಷ ಇಬ್ಬರನ್ನು ಕಳಿಸುತ್ತಿದ್ದರು. ಮೊದಲನೆಯವನು ರೋಹನ್. ಎರಡನೆಯವಳು ವಿಂಧ್ಯಾ.

ಈ ಎರಡನೆಯವರ ಕೆಲಸ ಏನೆಂದು ಹೇಳಬೇಕು. ಮರುಭೂಮಿಯ ಓಟದ ನಡುವೆ ಗಾಡಿ ಕೆಟ್ಟರೆ ಹೊರಗಿನ ಮೆಕ್ಯಾನಿಕ್ ಬಂದು ಮುಟ್ಟುವಂತಿಲ್ಲ. ಜೊತೆಗೆ ಓಡುತ್ತಿರುವ ಇನ್ನೊಬ್ಬ ಸ್ಪರ್ಧಿ ಮಾತ್ರ ಸಹಾಯ ಮಾಡಬಹುದು. ಅದಕ್ಕೇ ತಂಡದವರು ಗೆಲ್ಲುವ ಸವಾರನ ಹಿಂದೆ ಅದೇ ಅಳತೆಯ, ಅದೇ ಮಾದರಿಯ ಗಾಡಿಯಲ್ಲಿ ಇನ್ನೊಬ್ಬರನ್ನು ಕಳಿಸುತ್ತಾರೆ. ಮುಂದಿನವನ ಪೆಟ್ರೋಲು ಮುಗಿದರೆ ಹಿಂದಿನವರು ಕೊಡಬೇಕು. ಅವನ ಚಕ್ರ ಒಡೆದರೆ ತಮ್ಮ ಚಕ್ರ ಬಿಚ್ಚಿ ಕೊಟ್ಟು, ಹಿಂದೆ ಉಳಿದವರನ್ನೆಲ್ಲ ಗುಡಿಸಿಕೊಂಡು ಬರುವ ಲಾರಿಗೆ ಕಾಯುತ್ತ ಕೂರಬೇಕು. ಸಪ್ಲೈಯರ್ ಕೆಲಸವೇ, ಆದರೆ ಹೆಲ್ಮೆಟ್ ಹಾಕಿಕೊಂಡು. ಒಪ್ಪಿ ಸೇರಿದ ಕೆಲಸ ಅದು, ಯಾರೂ ಅವಳಿಗೆ ಮೋಸ ಮಾಡಿರಲಿಲ್ಲ.

ರೋಹನ್ ಕೆಟ್ಟವನಲ್ಲ. ಸೂರತ್ ಬಳಿಯ ಹಜೀರಾದ ದೊಡ್ಡ ಕಂಪನಿಯೊಂದರ ಕಾಲೋನಿಯಲ್ಲಿ ಬೆಳೆದ ಕನ್ನಡದವರ ಹುಡುಗ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಟ್ಟು ದೊಡ್ಡವನಾದವನು. ಮಕರಪುರಕ್ಕೆ ಬಂದಾಗಲೆಲ್ಲ ಕ್ಯಾಂಟೀನಿಗೆ ನುಗ್ಗಿ ಬಾಳೆಹಣ್ಣಿನ ಬನ್ಸ್ ತಿಂದು, "ಅಂಕಲ್, ಫಸ್ಟ್ ಕ್ಲಾಸ್!" ಎಂದು ಕೂಗಿ ಹೋಗುತ್ತಿದ್ದ. ವಿಂಧ್ಯಾಳನ್ನು ಮೊದಲ ದಿನದಿಂದಲೇ ಅಕ್ಕ ಎಂದ. ಅವನ ತಾಯಿ ನಮಿತಾ ಫೋನು ಮಾಡಿ, "ನೀವು ಹಿಂದೆ ಇದ್ದೀರಿ ಅಂತ ನನಗೆ ಧೈರ್ಯ" ಎನ್ನುತ್ತಿದ್ದಳು. ಅಕ್ಕ ಎನಿಸಿಕೊಂಡವಳು ಕೊಡುವುದಿಲ್ಲ ಎನ್ನಲು ಬರುತ್ತದೆಯೇ?

ಮೊದಲ ವರ್ಷ ಪೆಟ್ರೋಲು ಕೊಟ್ಟಳು. ಎರಡನೆಯ ವರ್ಷ ಮುಂದಿನ ಚಕ್ರ ಕೊಟ್ಟಳು. ಮೂರನೆಯ ವರ್ಷ ಅವನು ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗ ಹೆಲಿಕಾಪ್ಟರ್ ಬರುವವರೆಗೆ ಬಿಸಿಲಿಗೆ ಅಡ್ಡ ನಿಂತು ನೆರಳು ಕೊಟ್ಟಳು, ಅದರ ಬಗ್ಗೆ ಅವಳಿಗೆ ಎಳ್ಳಷ್ಟೂ ಬೇಸರವಿಲ್ಲ. ಅಷ್ಟರಲ್ಲಿ ಆ ದಿನದ ಗಡುವು ಮೀರಿತ್ತು. ಮೂರೂ ವರ್ಷ ಲಾರಿಯಲ್ಲೇ ವಾಪಸು. "ಮುಗೀತಾ ಮಗಾ?" ಎಂದು ಅಪ್ಪಯ್ಯ ಕೇಳುವುದು, "ಇಲ್ಲ" ಎಂದು ಅವಳು ಹೇಳುವುದು, "ಆ ಮಾಣಿ ಹೇಗಿದ್ದಾನೆ?" ಎಂದು ಅವರು ರೋಹನ್‌ನನ್ನು ವಿಚಾರಿಸುವುದು. ಓಟ ಮುಗಿಯುವಲ್ಲಿ ಒಂದು ಕಮಾನು ಕಟ್ಟುತ್ತಾರೆ, ಅದರ ಕೆಳಗೆ ಗಾಡಿ ಓಡಿಸಿಕೊಂಡು ಹೋಗಬೇಕು ಎನ್ನುವುದಷ್ಟೇ ಅವಳ ಆಸೆ. ಕೊನೆಯವಳಾಗಿ ಹೋದರೂ ಅಡ್ಡಿಯಿಲ್ಲ.

ಈ ವರ್ಷ ಹೊರಡುವ ಮೊದಲೇ ಶೇಠರು ಹೇಳಿಬಿಟ್ಟಿದ್ದರು, ಮುಂದಿನ ಸಲ ಅವಳ ಜಾಗಕ್ಕೆ ಹೊಸ ಹುಡುಗ. ಅವಳು ಅದನ್ನು ರಾತ್ರಿ ಮನೆಯಲ್ಲಿ ಹೇಳಿದಳು. ಬೆಳಿಗ್ಗೆ ಮಾಧವಣ್ಣ ಬಂದ ಒಬ್ಬೊಬ್ಬ ಗಿರಾಕಿಗೂ ಹೇಳಿದರು, ರ‍್ಯಾಲಿ ಮುಗಿಯುವ ದಿನ ಕ್ಯಾಂಟೀನಿಗೆ ರಜೆ, ಮಗಳು ಅಹಮದಾಬಾದಿನಲ್ಲಿ ಕಮಾನು ದಾಟುವುದನ್ನು ನೋಡಲು ಹೋಗುತ್ತೇನೆ. ಗಣೇಶ ಚೌತಿ ಬಿಟ್ಟರೆ ಬಾಗಿಲು ಹಾಕದ ಮನುಷ್ಯ. ಅದನ್ನು ಕೇಳಿದ ವಿಂಧ್ಯಾ ಈ ಸಲ ಮುಗಿಸಲೇಬೇಕೆಂದುಕೊಂಡಳು.

ರ‍್ಯಾಲಿ ಹೊರಟಿತು. ಪ್ರತಿ ಸಂಜೆ ಬಿಡಾರದಲ್ಲಿ ಅವಳು ತನ್ನ ಗಾಡಿಗಿಂತ ಮೊದಲು ರೋಹನ್‌ನ ಗಾಡಿ ನೋಡುತ್ತಿದ್ದಳು. ಚಕ್ರದ ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ, ಒಂದೊಂದು ನಟ್ಟನ್ನೂ ಬಿಗಿದು ನೋಡುತ್ತಿದ್ದಳು. "ಅಕ್ಕ ಹೋ ತೋ ಐಸೀ", ಅಕ್ಕ ಅಂದರೆ ಹೀಗಿರಬೇಕು, ಎಂದು ರೋಹನ್ ಎಲ್ಲರೆದುರು ಹೊಗಳಿದ. ತನ್ನ ಚಕ್ರ ತನ್ನಲ್ಲೇ ಉಳಿಯಲಿ ಎಂದು ಅವಳು ಇಷ್ಟೆಲ್ಲ ಮಾಡುತ್ತಿದ್ದಾಳೆಂದು ಪಾಪ ಅವನಿಗೇನು ಗೊತ್ತು. ಹೊಗಳಿಸಿಕೊಂಡ ವಿಂಧ್ಯಾಳಿಗೆ ಮುಖ ಎತ್ತಲು ನಾಚಿಕೆಯಾಯಿತು.

ಕೊನೆಯ ದಿನ ಬಂತು. ಆ ದಿನದ ಮರುಭೂಮಿ ದಾಟಿದರೆ ಉಳಿದದ್ದು ಅಹಮದಾಬಾದಿನವರೆಗೆ ಬರೀ ಡಾಂಬರು ರಸ್ತೆ. ರೋಹನ್ ಒಟ್ಟು ಲೆಕ್ಕದಲ್ಲಿ ಮೂರನೆಯ ಸ್ಥಾನದಲ್ಲಿದ್ದ. ಅಲ್ಲಿಯೇ ಉಳಿದರೆ ಹೊರದೇಶದ ತಂಡವೊಂದು ಅವನನ್ನು ಕರೆಯುವುದಿತ್ತು. ವಿಂಧ್ಯಾ ಎಂದಿನಂತೆ ಅವನ ಹಿಂದೆ ಹೊರಟಳು. ಬಿಳಿ ಉಪ್ಪಿನ ಬಯಲಿನಲ್ಲಿ ಅವನ ಚಕ್ರದ ಗುರುತು ಒಂದೇ ಗೆರೆಯಾಗಿ ಕಾಣುತ್ತಿತ್ತು. ಮೇಲೆ ಗಟ್ಟಿ ಕಂಡರೂ ಕೆಳಗೆ ಕೆಸರಿರುವ ನೆಲ ಅದು, ಅವನ ಗುರುತು ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಉಪ್ಪು ಮುಗಿದು ಕಲ್ಲಿನ ದಿಬ್ಬ ಶುರುವಾಗುವಲ್ಲಿ, ಜಾಲಿ ಗಿಡಗಳ ಪಕ್ಕ, ಅವನ ಕೆಂಪು ಜಾಕೆಟ್ಟು ನಿಂತಲ್ಲೇ ನಿಂತಿರುವುದು ದೂರದಿಂದಲೇ ಕಂಡಿತು.

ಹತ್ತಿರ ಹೋದಾಗ ಅವನು ಆರಾಮಾಗಿಯೇ ಇದ್ದ. ಮೈಗೆ ಏನೂ ಆಗಿರಲಿಲ್ಲ. ಹಿಂದಿನ ಚಕ್ರ ಬಿಚ್ಚಿ ಪಕ್ಕಕ್ಕೆ ಎಸೆದು, ಸ್ಪ್ಯಾನರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

"ಅಕ್ಕ, ಜಲ್ದಿ! ನಿಮ್ಮ ವೀಲ್ ತೆಗೀರಿ. ನಾನು ನಂದು ತೆಗೆದು ಇಟ್ಟಿದ್ದೀನಿ."

ವಿಂಧ್ಯಾ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಕೊಡುತ್ತೀರಾ ಎಂದು ಅವನು ಕೇಳಿರಲಿಲ್ಲ. ಕೇಳಬೇಕೆಂಬುದೇ ಅವನಿಗೆ ಹೊಳೆದಿರಲಿಲ್ಲ. ಮಾತು ಮುಂದುವರಿಸಿಕೊಂಡೇ, ಮುಖ ನೋಡದೆ, ಇನ್ನೊಂದು ಇಡ್ಲಿಗೆ ಕೈ ಸನ್ನೆ ಮಾಡುವ ಗಿರಾಕಿಗಳು ಅವಳಿಗೆ ನೆನಪಾದರು. ಅವಳು ಬಗ್ಗಿ ಅವನ ಚಕ್ರ ಎತ್ತಿ ನೋಡಿದಳು. ರಿಮ್ಮು ಒಂದು ಕಡೆ ಸೀಳು ಬಿಟ್ಟಿತ್ತು, ಕೆಲವು ಕಡ್ಡಿ ಹೋಗಿದ್ದವು.

"ಇದು ಪೂರ್ತಿ ಹೋಗ್ಲಿಲ್ಲ ಮಾರಾಯ," ಎಂದಳು. "ಕಡ್ಡಿ ಬಿಗಿ ಮಾಡಿ, ಸುತ್ತ ಬೆಲ್ಟ್ ಕಟ್ಟಿ ಮೆಲ್ಲ ಹೋದ್ರೆ ರಸ್ತೆವರೆಗೆ ತಡೀತದೆ. ನಾನು ಕಟ್ಟಿ ಕೊಡ್ತೇನೆ. ಲೇಟಾಗ್ತದೆ, ಆದ್ರೆ ಮುಗಿಸ್ಬಹುದು."

"ಬರೀ ಫಿನಿಶ್ ಮಾಡಿ ನಾನೇನು ಮಾಡ್ಲಿ ಅಕ್ಕ? ಫಿನಿಶ್ ಯಾರು ಬೇಕಾದ್ರೂ ಮಾಡ್ತಾರೆ."

ಚುಚ್ಚಬೇಕೆಂದು ಅವನು ಹೇಳಿದ್ದಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಕೊಡುದಿಲ್ಲ ರೋಹನ್," ಎಂದಳು.

ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ನಗು ನಿಲ್ಲಿಸಿದ. "ಮಜಾಕ್ ಮಾಡ್ಬೇಡಿ ಅಕ್ಕ. ಟೈಮ್ ಹೋಗ್ತಾ ಇದೆ. ಇವತ್ತು ಥರ್ಡ್ ಬಂದ್ರೆ ನನ್ನ ಲೈಫೇ ಬೇರೆ ಆಗ್ತದೆ, ನಿಮಗೆ ಗೊತ್ತಲ್ಲ?"

"ಗೊತ್ತುಂಟು. ನನಗೂ ಒಂದು ಸಲ ಮುಗಿಸ್ಬೇಕು. ಅಪ್ಪಯ್ಯ ಬಂದು ನಿಂತಿರ್ತಾರೆ."

"ಆದ್ರೆ ನಿಮ್ಮ ಕೆಲಸವೇ ಇದಲ್ವಾ!" ಅವನ ಧ್ವನಿ ಒಡೆಯಿತು. "ಪ್ಲೀಸ್ ಅಕ್ಕ. ಪ್ಲೀಸ್."

ಹೌದು, ಅವಳ ಕೆಲಸವೇ ಅದು. ಬೆನ್ನಿನ ಚೀಲದಿಂದ ನೀರು, ಬೆಲ್ಟು, ಕಡ್ಡಿ ಬಿಗಿಯುವ ಕೀಲಿ ತೆಗೆದು ಜಾಲಿಯ ನೆರಳಿನಲ್ಲಿಟ್ಟಳು. ಅವನ ಗಾಡಿಯ ಮೇಲಿನ ತುರ್ತು ಸಂಕೇತದ ಪೆಟ್ಟಿಗೆ ಕೆಲಸ ಮಾಡುತ್ತಿದೆಯೇ ಎಂದು ನೋಡಿದಳು. ಅವನು ಅವಳತ್ತ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತ. ಅವಳು ಗಾಡಿ ಸ್ಟಾರ್ಟ್ ಮಾಡಿದಳು.

ದಿಬ್ಬ ಇಳಿದು ಸ್ವಲ್ಪ ದೂರ ಹೋದ ಮೇಲೆ ಸಿಟ್ಟು ಇಳಿಯಿತು. ಇಳಿದದ್ದೇ ತಡ ಭಯ ಹತ್ತಿತು. ಇದೇನು ಮಾಡಿದೆ, ಆ ತಾಯಿ ನನ್ನನ್ನು ನಂಬಿ ಕಳಿಸಿದ್ದಲ್ಲವೇ, ಕಳೆದ ವರ್ಷ ಇದೇ ಹುಡುಗ ನನ್ನ ಕೈ ಹಿಡಿದುಕೊಂಡು ಅತ್ತಿರಲಿಲ್ಲವೇ? ಅವಳು ಗಾಡಿ ನಿಲ್ಲಿಸಿದಳು. ತಿರುಗಿಸಿಯೂ ಬಿಟ್ಟಳು. ಈಗ ಹೋದರೂ ಸಮಯವಿತ್ತು, ಚಕ್ರ ಬದಲಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಇಂಜಿನ್ ಗುರುಗುಡುತ್ತಿದ್ದಂತೆ ಬಂದ ದಾರಿಯನ್ನೇ ನೋಡುತ್ತ ನಿಂತಳು. ಕ್ಯಾಂಟೀನಿನ ಮುಚ್ಚಿದ ಬಾಗಿಲು ಕಣ್ಣಿಗೆ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜನರ ನಡುವೆ ಕುತ್ತಿಗೆ ಉದ್ದ ಮಾಡಿ ನಿಂತಿರುವ ಅಪ್ಪಯ್ಯ ಕಂಡರು. ಮತ್ತೆ ಗಾಡಿ ತಿರುಗಿಸಿದಳು. ಸಿಟ್ಟಿನಲ್ಲಿ ಕೊಡದೆ ಬಂದದ್ದು ಒಂದು, ಸಿಟ್ಟು ಇಳಿದ ಮೇಲೂ ಕೊಡದೆ ಬಂದದ್ದು ಇನ್ನೊಂದು. ಎರಡನೆಯದಕ್ಕೆ ಅವಳ ಬಳಿ ಯಾವ ನೆಪವೂ ಇರಲಿಲ್ಲ. ಅಳುತ್ತಲೇ ಓಡಿಸಿದಳು, ಗಾಗಲ್ಸಿನ ಒಳಗೆ ಧೂಳೂ ನೀರೂ ಸೇರಿ ಕಣ್ಣು ಉರಿಯಿತು.

ಅಹಮದಾಬಾದಿನಲ್ಲಿ ನದಿಯ ದಂಡೆಯ ಮೇಲೆ ಕಮಾನು ಕಟ್ಟಿದ್ದರು. ಅವಳು ಅದರ ಕೆಳಗೆ ಗಾಡಿ ಓಡಿಸಿಕೊಂಡು ಬಂದಾಗ ಮೈಕಿನವನು ಗುಜರಾತಿ ಮರ್ಯಾದೆಯಲ್ಲಿ "ವಿಂಧ್ಯಾಬೆನ್" ಎಂದು ಕೂಗಿದ. ಯಾರೋ ಕೊರಳಿಗೆ ಪದಕ ಹಾಕಿದರು. ಶೇಠರು ಒಂದು ಬದಿಯಲ್ಲಿ ಫೋನು ಹಿಡಿದು ನಿಂತಿದ್ದವರು, "ಸೋಮವಾರ ಆಫೀಸಿಗೆ ಬಂದು ಕಾಣು" ಎಂದಷ್ಟೇ ಹಿಂದಿಯಲ್ಲಿ ಹೇಳಿ ಆಚೆ ಹೋದರು. ಜನರನ್ನು ದಾಟಿಕೊಂಡು ಮಾಧವಣ್ಣ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿ ಎರಡು ಸ್ಟೀಲ್ ಡಬ್ಬಿ.

"ಮುಗೀತಾ ಮಗಾ?"

"ಮುಗೀತು ಅಪ್ಪಯ್ಯ."

ಅವರು ಅವಳ ತಲೆ ಸವರಿದರು. "ಬೆಳಿಗ್ಗೆ ಎದ್ದು ಬನ್ಸ್ ಮಾಡಿದೆ. ಒಂದು ಡಬ್ಬಿ ನಿಂಗೆ, ಒಂದು ಆ ಮಾಣಿಗೆ. ಅವ ಎಲ್ಲಿ? ಮುಂದೆಯೇ ಬರ್ಬೇಕಿತ್ತಲ್ಲ?"

"ಅವನ ಚಕ್ರ ಒಡೀತು. ನನ್ನದು ಕೇಳಿದ." ಅವಳು ನೆಲ ನೋಡಿದಳು. "ನಾನು ಕೊಡ್ಲಿಲ್ಲ."

ಮಾಧವಣ್ಣ ಕೈಯಲ್ಲಿದ್ದ ಡಬ್ಬಿಗಳತ್ತ ನೋಡಿದರು. "ನೀರು ಕೊಟ್ಯಾ?" ಎಂದರು.

"ಇದ್ದದ್ದೆಲ್ಲ ಕೊಟ್ಟೆ."

"ಹಾಗಾದ್ರೆ ಅವ ಬರುವವರೆಗೆ ನಿಲ್ಲುವ," ಎಂದು ಎರಡೂ ಡಬ್ಬಿಗಳನ್ನು ಎದೆಗೆ ಅವಚಿಕೊಂಡು ನಿಂತರು. ಒಂದು ಮಾತು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಹೊತ್ತು ಇಳಿಯುವಾಗ ಲಾರಿ ಬಂತು. ಪ್ರತಿ ವರ್ಷ ತಾನು ಇಳಿಯುತ್ತಿದ್ದ ಹಿಂದಿನ ಹಲಗೆಯಿಂದ ರೋಹನ್ ಇಳಿಯುವುದನ್ನು ವಿಂಧ್ಯಾ ನೋಡಿದಳು. ಅವನ ಮುಖ ಉಪ್ಪಿನ ಧೂಳಿನಿಂದ ಬೆಳ್ಳಗಾಗಿತ್ತು. ಮಾಧವಣ್ಣ ಓಡುನಡಿಗೆಯಲ್ಲಿ ಹೋಗಿ ಡಬ್ಬಿ ಅವನ ಕೈಗಿಟ್ಟರು. ಅವನು ಬೇಡ ಎನ್ನಲಿಲ್ಲ, "ಥ್ಯಾಂಕ್ಯೂ ಅಂಕಲ್" ಎಂದು ಮೆಲ್ಲಗೆ ಹೇಳಿದ. ಮತ್ತೆ ಅವಳ ಹತ್ತಿರ ಬಂದು ಕೈ ಚಾಚಿದ.

"ಕಂಗ್ರಾಚುಲೇಷನ್ಸ್, ವಿಂಧ್ಯಾ."

ಅಕ್ಕ ಎನ್ನದೆ ಅವಳನ್ನು ಬರೀ ಹೆಸರಿನಿಂದ ಅವನು ಹಿಂದೆಂದೂ ಕರೆದಿರಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಬೇರೆ ತಂಡದ ಸವಾರರಿಗೆ ಹೇಳುವಷ್ಟೇ ಮರ್ಯಾದೆಯಿಂದ ಹೇಳಿ, ಕೈ ಕುಲುಕಿ, ಅವನು ತಾಯಿ ನಿಂತಿದ್ದ ಕಡೆಗೆ ನಡೆದ. ನಮಿತಾ ಈ ಕಡೆ ನೋಡಲಿಲ್ಲ.

ಮಾಧವಣ್ಣ ಮಗಳನ್ನು ದಂಡೆಯ ಕಲ್ಲುಬೆಂಚಿನ ಮೇಲೆ ಕೂರಿಸಿ ಉಳಿದ ಡಬ್ಬಿಯ ಮುಚ್ಚಳ ತೆಗೆದರು. "ತಿನ್ನು. ಬೆಳಿಗ್ಗೆಯಿಂದ ಹಸ್ಕೊಂಡಿದ್ದೀಯ."

"ನೀವೂ ಕೂತ್ಕೊಳ್ಳಿ ಅಪ್ಪಯ್ಯ. ಇಬ್ರೂ ತಿನ್ನುವ."

"ನಿಂದು ಆಗ್ಲಿ. ನಾನು ಆಮೇಲೆ."

ವಿಂಧ್ಯಾ ಒಂದು ಬನ್ಸ್ ಮುರಿದು ಬಾಯಿಗಿಟ್ಟುಕೊಂಡಳು. ಅಗಿದು ನುಂಗಿದಳು, ಇನ್ನೊಂದು ತುತ್ತು ತೆಗೆದುಕೊಂಡಳು. ಪದಕ ಡಬ್ಬಿಯ ಅಂಚಿಗೆ ತಾಗಿ ಸದ್ದು ಮಾಡಿತು. ಅವಳು ತಿಂದು ಮುಗಿಸುವವರೆಗೆ ಅಪ್ಪಯ್ಯ ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದುಕೊಂಡು, ಪಕ್ಕದಲ್ಲಿ ನಿಂತೇ ಇದ್ದರು.