ಅಂಚಿನಲ್ಲಿ ಕೊರೆದ ಹೆಸರು

ಬುಖಾರಾದ ಸರಾಫರ ಗುಮ್ಮಟದಡಿ ನಾನು ಮೂವತ್ತು ವರ್ಷದಿಂದ ನಾಣ್ಯ ಬದಲಾಯಿಸುತ್ತ ಕೂತಿದ್ದೇನೆ. ನನ್ನ ಹಲಗೆಯ ಮೇಲೆ ತೈಮೂರನ ಮನೆತನದ ತಾಮ್ರವೂ ಬಂದಿದೆ, ಶೈಬಾನಿಯರ ಬೆಳ್ಳಿಯೂ ಬಂದಿದೆ, ಬೆಳ್ಳಿಯೆಂದು ಹೆಸರಿಗೆ ಮಾತ್ರ ಹೇಳಬಹುದಾದ ಅಷ್ಟ್ರಖಾನಿಯರ ಕಳಪೆ ಸರಕೂ ಬಂದಿದೆ. ಈಗ ರೂಸಿಗಳ ರೂಬಲ್. ಯಂತ್ರ ಒತ್ತಿದ್ದು, ಸಾವಿರ ತೆಗೆದರೂ ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲ. ನನಗೆ ಅದರ ಮುಖ ನೋಡಿದರೆ ಬೇಜಾರು.

ನಮ್ಮ ಬುಖಾರಾದ ಬೆಳ್ಳಿನಾಣ್ಯ ತಂಗಾ ಹಾಗಲ್ಲ. ಅಚ್ಚು ದೊಡ್ಡದು, ಬೆಳ್ಳಿಬಿಲ್ಲೆ ಚಿಕ್ಕದು. ಸುತ್ತಿಗೆಯ ಏಟು ಬಿದ್ದಾಗ ಅಚ್ಚಿನ ನಡುವಿನದು ಬಿಲ್ಲೆಗೆ ಇಳಿಯುತ್ತದೆ, ಅಂಚಿನದು ಹೊರಗೇ ಉಳಿಯುತ್ತದೆ. ಅದರ ಮೇಲಿರುವುದು ಆಳುವ ಅಮೀರನ ಹೆಸರಲ್ಲ, ತೀರಿಹೋದ ಅಮೀರನದು, 'ದೇವರ ಕರುಣೆಯಿರಲಿ' ಎಂಬ ಮಾತಿನೊಂದಿಗೆ. ತಂಗಾ ಕೈಗೆ ಬಂದಾಗ ಹಳಬರು ಅದನ್ನು ಓದಿ ತುಟಿಯಾಡಿಸುತ್ತಾರೆ. ಹೀಗೆ ಸತ್ತ ದೊರೆಗೆ ಊರೆಲ್ಲ ಪ್ರಾರ್ಥಿಸುತ್ತದೆ.

ಆ ಅಚ್ಚುಗಳನ್ನು ಕೊರೆಯುತ್ತಿದ್ದವನು ಉಸ್ತಾ ಫಾಜಿಲ್. ಟಂಕಸಾಲೆಯಲ್ಲಿ ನಲವತ್ತು ವರ್ಷ ದುಡಿದವನು. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಕೆಲಸ ಬಿಟ್ಟರೆ ಮಸೀದಿಯಿಂದ ಮನೆ, ಮನೆಯಿಂದ ಮಸೀದಿ, ಇಷ್ಟೇ ಆಗಿತ್ತು. ರೂಬಲ್ ಬಂದು ಟಂಕಸಾಲೆಗೆ ಬೀಗ ಬಿದ್ದಾಗಿನಿಂದ ಮಾತ್ರ ದಿನಾ ನನ್ನ ಅಂಗಡಿಗೆ ಬರತೊಡಗಿದ. ರೂಸಿಗಳ ಕಡೆಗೆ ಕರಗಲು ಹೋಗುವ ತಂಗಾಗಳನ್ನು ಒಂದೊಂದಾಗಿ ಎತ್ತಿ, ಅಂಚನ್ನು ಬೆಳಕಿಗೆ ಹಿಡಿದು ನೋಡಿ ಇಡುತ್ತಿದ್ದ.

"ಏನ್ ಉಸ್ತಾ, ನಿಮ್ ಕೈಬರಹ ನಿಮಗೇ ಮರೆತುಹೋಯ್ತಾ?" ಎಂದು ನಾನು ಕೆಣಕುತ್ತಿದ್ದೆ.

"ನೋಡಿದ್ರೆ ನಿನ್ ಬೆಳ್ಳಿ ಸವೆಯುತ್ತಾ ತುರಾಬ್? ಸುಮ್ನೆ ಚಹಾ ತರಿಸು."

ಮುದುಕನಿಗೆ ತನ್ನ ಕೆಲಸದ ಜಂಬ ಎಂದುಕೊಂಡಿದ್ದೆ. ನನ್ನದು ತಪ್ಪು ಲೆಕ್ಕ.

ಅವನು ಬರತೊಡಗಿದ ಎರಡನೇ ವಸಂತದಲ್ಲಿ ಒಂದು ಮಧ್ಯಾಹ್ನ ಅವನ ಕೈ ನಿಂತಿತು. ಒಂದು ತಂಗಾ ಹಿಡಿದುಕೊಂಡಿದ್ದ. ಏಟು ಓರೆಯಾಗಿ ಬಿದ್ದ ನಾಣ್ಯ. ಅಮೀರನ ಹೆಸರು ಅರ್ಧ ತುಂಡಾಗಿ, ಅಚ್ಚಿನ ಅಂಚಿನದು ಬೆಳ್ಳಿಗೆ ಇಳಿದಿತ್ತು.

"ಸಿಕ್ತು," ಎಂದ.

"ಏನು?"

ಅವನು ಆಚೀಚೆ ನೋಡಿ ನನ್ನ ಕಿವಿಯ ಹತ್ತಿರ ಬಾಗಿದ. "ನಮ್ ಮನೆಯವಳು ತೀರಿಕೊಂಡ ವಾರ ನಾನ್ ಹೊಸ ಅಚ್ಚು ಕೊರೀತಿದ್ದೆ. ಅಮೀರರಿಗೆ ದುವಾ ಮಾಡೋಕೆ ಊರೇ ಇದೆ, ಅವಳಿಗೆ ನಾನೊಬ್ಬ. ನಾನ್ ಹೋದ್ಮೇಲೆ ಯಾರು? ಅದಕ್ಕೇ ಅಂಚಲ್ಲಿ ಅವಳ ಹೆಸರು ಕೊರೆದೆ. ಎಲ್ಲೋ ಒಂದರಲ್ಲಿ ಇಳಿದ್ರೂ ಸಾಕು, ಯಾರಾದ್ರೂ ಓದ್ತಾರೆ ಅಂತ."

ನಾಣ್ಯದ ಮೇಲೆ ಹೆಸರು ಹಾಕಿಸುವ ಹಕ್ಕು ಅಮೀರರ ಮನೆತನದ್ದು. ತಲೆ ಹೋಗುವ ಕೆಲಸ ಮಾಡಿ ಈ ಮನುಷ್ಯ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದ.

"ನೋಡು, ಎಷ್ಟು ಚೆನ್ನಾಗಿ ಇಳಿದಿದೆ. ಓದು," ಎಂದು ಕೈಗಿಟ್ಟ. ಅವನು ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು.

ನೋಡಿದೆ. ತಿರುಗಿಸಿ ನೋಡಿದೆ. "ಇದ್ಯಾವ ಬರಹ ಉಸ್ತಾ? ನಂಗೆ ಓದೋಕೆ ಬರ್ತಿಲ್ಲ."

"ಕಣ್ಣಿಗೇನ್ ಬಂತು ನಿಂಗೆ? ಕೊಡಿಲ್ಲಿ." ಕಿತ್ತುಕೊಂಡು ನೋಡಿದ. ಆಮೇಲೆ ಹಲಗೆಯಿಂದ ಬೇರೊಂದು ತಂಗಾ ಎತ್ತಿ ಅದರ ಪಕ್ಕ ಹಿಡಿದು ನೋಡಿದ.

ಅಚ್ಚಿನಲ್ಲಿ ಅಕ್ಷರವನ್ನು ಹಿಂದುಮುಂದಾಗಿ ಕೊರೆಯಬೇಕು, ಆಗ ನಾಣ್ಯದಲ್ಲಿ ನೆಟ್ಟಗೆ ಬರುತ್ತದೆ. ನಲವತ್ತು ವರ್ಷ ತಪ್ಪದ ಕೈ ಹೆಂಡತಿಯ ಹೆಸರಿಗೆ ಬಂದಾಗ ತಪ್ಪಿತ್ತು. ಕಾಗದ ಬರೆಯುವವನ ಹಾಗೆ ನೆಟ್ಟಗೆ ಬರೆದುಬಿಟ್ಟಿದ್ದ. ನಾಣ್ಯಕ್ಕೆ ಅದು ತಿರುಗಿ ಇಳಿದಿತ್ತು. ಜೀವಮಾನವೆಲ್ಲ ತಿರುಗಿದ ಅಕ್ಷರದ ಜೊತೆಗೇ ಬಾಳಿದವನಾದ್ದರಿಂದ ಅವನ ಕಣ್ಣಿಗೆ ಅದು ಸರಾಗವಾಗಿ ಓದಿಸಿಕೊಂಡಿತ್ತು. ಬುಖಾರಾದಲ್ಲಿ ಹಾಗೆ ಓದಬಲ್ಲವನು ಅವನೊಬ್ಬನೇ.

"ಹೋಗ್ಲಿ ಬಿಡಿ ಉಸ್ತಾ. ಬಾಯಲ್ಲಿ ಹೇಳಿ. ನಾನೇ ದುವಾ ಮಾಡ್ತೀನಿ, ಇವತ್ತಿಂದ ದಿನಾ."

ಅವನ ತುಟಿ ಎರಡು ಸಲ ತೆರೆಯಿತು. ನಮ್ಮಲ್ಲಿ ಗಂಡಸು ಹೆಂಡತಿಯ ಹೆಸರನ್ನು ಪರಗಂಡಸಿನ ಮುಂದೆ ಎತ್ತುವುದಿಲ್ಲ. ಅವಳ ಗೋರಿಯ ಹತ್ತಿರವೂ ಅವನು 'ನಮ್ಮ ಮನೆಯವಳು' ಎಂದೇ ಹೇಳಿದ್ದ.

"ಹೆಂಗಪ್ಪಾ ಹೇಳ್ಲಿ," ಎಂದು ಎದ್ದ. ತಂಗಾಕ್ಕೆ ಬದಲು ರೂಸಿ ಚಿಲ್ಲರೆ ಹದಿನೈದು ಕೊಪೆಕ್ ನನ್ನ ಹಲಗೆಯ ಮೇಲಿಟ್ಟು ಹೋದ. ಮತ್ತೆ ಅಂಗಡಿಯ ಕಡೆ ಬರಲಿಲ್ಲ. ಎರಡು ಸಲ ಅವನ ಬಾಗಿಲು ತಟ್ಟಿದೆ, ತೆರೆಯಲಿಲ್ಲ. ಮೂರನೆಯ ಸಲ ಹೋಗಬೇಕಿತ್ತು. ಹೋಗಲಿಲ್ಲ.

ಆ ಚಳಿಗಾಲದಲ್ಲಿ ಉಸ್ತಾ ತೀರಿಕೊಂಡ. ಹೆಣ ಹೊರಲು ಮಸೀದಿಯಿಂದ ಜನ ಕರೆಯಬೇಕಾಯಿತು. ಮೂರು ದಿನ ಕಳೆದ ಮೇಲೆ ಹೆಣ ತೊಳೆದವನು ಅಂಗಡಿಗೆ ಬಂದ.

"ಮುದುಕನ ಮುಷ್ಟೀಲಿತ್ತು. ನನ್ ಕೂಲಿಗೆ ಮನೇಲಿ ಬೇರೆ ಏನೂ ಸಿಗ್ಲಿಲ್ಲ. ಚಿಲ್ಲರೆ ಕೊಡಿ," ಎಂದು ಅದೇ ತಂಗಾವನ್ನು ಹಲಗೆಯ ಮೇಲಿಟ್ಟ.

ಎರಡರಷ್ಟು ಕೊಟ್ಟು ಕಳಿಸಿ, ತಂಗಾವನ್ನು ಮನೆಗೆ ಒಯ್ದೆ. ನನ್ನ ಹೆಂಡತಿ ತಂದೂರಿನ ಪಕ್ಕ ಕೂತು ರೊಟ್ಟಿಯ ಹಿಟ್ಟಿಗೆ ಚಿತ್ತಾರ ಮೂಡಿಸುವ ಮೊಳೆಯ ಅಚ್ಚು ಒತ್ತುತ್ತಿದ್ದಳು. ಅದನ್ನು ನೋಡುತ್ತ ನಿಂತವನಿಗೆ ಹೊಳೆಯಿತು. ಒಂದು ಚೂರು ಹಿಟ್ಟು ಕಿತ್ತು ತಂಗಾದ ಅಂಚನ್ನು ಅದಕ್ಕೆ ಒತ್ತಿದೆ. ಅಕ್ಷರಗಳು ನೆಟ್ಟಗೆ ನಿಂತವು.

"ಸಬೂರಾ," ಎಂದು ಗಟ್ಟಿಯಾಗಿ ಓದಿದೆ.

"ಯಾರದು?" ಎಂದಳು ನನ್ನ ಹೆಂಡತಿ.

"ಉಸ್ತಾ ಫಾಜಿಲನ ಮನೆಯವಳು."

ಅವಳು ಹಿಟ್ಟಿನ ಕೈಯನ್ನೇ ಎತ್ತಿ, "ದೇವರ ಕರುಣೆಯಿರ್ಲಿ ಸಬೂರಾ ಮೇಲೆ," ಎಂದು ಮುಖ ಸವರಿಕೊಂಡಳು. ಇಷ್ಟನ್ನು ಕೇಳಲು ಅವನು ಹತ್ತಿರಹತ್ತಿರ ಹನ್ನೆರಡು ವರ್ಷ ಕಾದಿದ್ದ.